ಶೂ ನಾರಿದರೆ ಮಗುವನ್ನು ಬೈಯಬೇಡಿ

(ಚಿತ್ರದುರ್ಗದಲ್ಲಿ ದೈಹಿಕ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಕ್ರೀಡಾಕೂಟದ ಕಾಲ ಬಂತು. ಇನ್ನು ಓಬವ್ವ ಕ್ರೀಡಾಂಗಣದ ತುಂಬ ನಮ್ಮ ಮಕ್ಕಳೇ. ತರಬೇತಿ, ಊಟ, ಆಯ್ಕೆ ಬಗ್ಗೆ ಬೇರೆಯವರು ಮಾತಾಡುತ್ತಾರೆ. ನಾನು ಎತ್ತಿಕೊಂಡಿರುವುದು ಶೂ ವಾಸನೆ. ನಗಿ, ಪರವಾಗಿಲ್ಲ. ಆದರೆ ಈ ನಾಚಿಕೆಗೇ ಮೈದಾನ ಬಿಟ್ಟ ಮಕ್ಕಳಿದ್ದಾರೆ.

ಒಬ್ಬ ಹುಡುಗಿ 800 ಮೀಟರ್ ಓಡುತ್ತಿದ್ದಳು. ಒಮ್ಮೆ ಪಂದ್ಯ ಮುಗಿಸಿ ಬಸ್ಸಿನಲ್ಲಿ ಬರುವಾಗ ಶೂ ಬಿಚ್ಚಿದಳು. ಪಕ್ಕದವರು ಮೂಗು ಮುಚ್ಚಿಕೊಂಡರು. ಯಾರೋ ಜೋರಾಗಿ ಕಿಟಕಿ ತೆಗೆದರು. ಪಾಪ, ಮತ್ತೆ ಶೂ ಹಾಕಿಕೊಂಡು ಊರು ಬರುವ ತನಕ ಕಾಲು ಮಡಚಿ ಕೂತಳು. ಮಾರನೇ ದಿನದಿಂದ ಪ್ರಾಕ್ಟೀಸಿಗೆ ಬರಲಿಲ್ಲ. ಮನೆಗೆ ಹೋದೆ. ಅವರಮ್ಮನ ಕಣ್ಣಲ್ಲಿ ನೀರು. "ಸಾರ್, ನಾವು ಗಲೀಜು ಜನ ಅಲ್ಲ. ದಿನಾ ರಾತ್ರಿ ಸೋಪು ಹಾಕಿ ಶೂ ಉಜ್ಜಿ ತೊಳಿತೀನಿ" ಅಂದರು. ನೋಡಿದರೆ ಬಚ್ಚಲ ಮೂಲೆಯಲ್ಲಿ ಶೂ ಇನ್ನೂ ನೀರು ಸೋರುತ್ತಿತ್ತು. ಬೆಳಗಿನ ಜಾವ ಆ ಒದ್ದೆ ಶೂಗೇ ಕಾಲು ಹಾಕಿ ಹುಡುಗಿ ಓಡಬೇಕಿತ್ತು. ವಾಸನೆ ಬಂದದ್ದು ಕೊಳೆಯಿಂದಲ್ಲ, ಆರದ ನೀರಿನಿಂದ.

ನಮ್ಮ ಎರಡು ಪಾದಗಳಲ್ಲಿ ಸುಮಾರು 2,50,000 ಬೆವರಿನ ಗ್ರಂಥಿಗಳಿವೆ. ಆ ಬೆವರಿಗೆ ವಾಸನೆ ಇಲ್ಲ. ಅದು ಶೂ ಒಳಗೆ ಆರದೆ ನಿಂತಾಗ ಚರ್ಮದ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು, ಅಂದರೆ ಪ್ರೋಟೀನಿನ ಒಂದು ಬಿಡಿಭಾಗವನ್ನು, ಒಡೆದು ಐಸೊವ್ಯಾಲೆರಿಕ್ ಆಮ್ಲ ಮಾಡುತ್ತದೆ. ಮೂಗಿಗೆ ಬಡಿಯುವ ಹುಳಿ ನಾತ ಅದೇ. ಬ್ರೆವಿಬ್ಯಾಕ್ಟೀರಿಯಂ ಅಂತ ಇನ್ನೊಂದಿದೆ, ಅದು ಗಂಧಕದ ವಾಸನೆ ಸೇರಿಸುತ್ತದೆ. ಫಾರಿನ್‌ನ ಕೆಲವು ಚೀಸ್‌ಗಳನ್ನು ಮಾಗಿಸುವುದೂ ಅದರ ಬಳಗವೇ! ಈ ಬ್ಯಾಕ್ಟೀರಿಯಾಗಳು ನನ್ನ ಕಾಲಲ್ಲೂ ಇವೆ, ನಿಮ್ಮ ಕಾಲಲ್ಲೂ ಇವೆ. ಹಾಗಿರುವಾಗ ಮಗುವನ್ನು ಯಾಕೆ ಬೈಯಬೇಕು?

ಇದು ಸುಮ್ನೆ ನಗುವ ವಿಷಯ ಅಲ್ಲ ನೋಡಿ. ನಮ್ಮ ದೇಶದ ವಿಕಾಶ್ ಕುಮಾರ್ ಮತ್ತು ಸಾರ್ಥಕ್ ಮಿತ್ತಲ್ ನಾರುವ ಶೂಗಳ ಮೇಲೆ ಅಧ್ಯಯನ ಮಾಡಿ, ಅತಿನೇರಳೆ ಬೆಳಕಿನಿಂದ ಬ್ಯಾಕ್ಟೀರಿಯಾ ಕೊಲ್ಲುವ ಶೂ ಸ್ಟ್ಯಾಂಡ್ ಯೋಚಿಸಿದರು. 2025ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು.

ನಮಗೆ ಆ ಸ್ಟ್ಯಾಂಡ್ ಬೇಕಿಲ್ಲ. ದುರ್ಗದಲ್ಲಿ ಬಿಸಿಲಿಗೆ ಬರವೇ? ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಾಸು ಕೊಡಬೇಕೇ? ಆದ್ದರಿಂದ ಒಣಗಿಸಿ. ಲೇಸ್ ಸಡಿಲಿಸಿ, ಶೂವಿನ ನಾಲಿಗೆ ಹೊರಗೆಳೆಯಿರಿ. ಒಳಗಿನ ಮೆತ್ತೆ ತೆಗೆದು ಬೇರೆ ಇಡಿ, ಬೆವರು ಜಾಸ್ತಿ ಕುಡಿಯುವುದು ಅದೇ. ಒದ್ದೆಯಾಗಿದ್ದರೆ ಹಳೇ ಪೇಪರ್ ತುರುಕಿ, ಅದು ನೆನೆದ ಮೇಲೆ ಬದಲಿಸಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲೇ ದಿನವಿಡೀ ಬಿಟ್ಟರೆ ಅಂಟು ಬಿಡುತ್ತದೆ. ಗಾಳಿಯಾಡುವ ನೆರಳು ಸಾಕು. ಆ ಹುಡುಗಿಯ ಶೂಗೆ ಮಾಡಿದ್ದು ಇಷ್ಟೇ. ಮೆತ್ತೆ ಹೊಸದು ಹಾಕಿಸಿದೆವು, ದಿನಾ ತೊಳೆಯುವುದು ನಿಲ್ಲಿಸಿದೆವು. ಅವಳು ಟ್ರ್ಯಾಕಿಗೆ ವಾಪಸ್ ಬಂದಳು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಹೇಳಿಬಿಡುತ್ತೇನೆ. ರಾತ್ರಿ ಶೂ ಒಳಗೆ ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಬೆಳಿಗ್ಗೆ ಕೊಡವಿ. ನಾತ ಆಮ್ಲದ್ದು, ಸೋಡಾ ಕ್ಷಾರ. ಒಂದನ್ನೊಂದು ಅಡಗಿಸುತ್ತವೆ. ಸೆಂಟ್ ಹೊಡೆಯಬೇಡಿ, ಎರಡು ವಾಸನೆ ಆಗುತ್ತದೆ ಅಷ್ಟೇ. ಸಾಕ್ಸ್ ದಿನಾ ಬದಲಿಸಲಿ, ತಿರುಗಿಸಿ ಒಗೆಯಿರಿ. ಅನುಕೂಲ ಇದ್ದವರು ಎರಡು ಜೊತೆ ಶೂ ಇಟ್ಟು ದಿನ ಬಿಟ್ಟು ದಿನ ಹಾಕಿಸಿ. ಕಾಲು ತೊಳೆದ ಮೇಲೆ ಬೆರಳ ಸಂದು ಒರೆಸಿಕೊಳ್ಳುವುದನ್ನು ಕಲಿಸಿ. ಹಿಮ್ಮಡಿಯಲ್ಲಿ ಸಣ್ಣ ಸಣ್ಣ ಗುಳಿ, ಸಂದಿಯಲ್ಲಿ ತುರಿಕೆ, ಬಿರುಕು ಕಂಡರೆ ಡಾಕ್ಟರಿಗೆ ತೋರಿಸಿ. ಅದು ಶೂ ಒಣಗಿಸಿದರೆ ಹೋಗುವಂಥದ್ದಲ್ಲ.

ಶಿಕ್ಷಕ ಮಿತ್ರರಲ್ಲಿ ಒಂದು ಬೇಡಿಕೆ. ಶಾಲೆಯ ಶೂಗಳನ್ನು ಟ್ರಂಕಿಗೆ ತುಂಬಿ ಬೀಗ ಹಾಕಬೇಡಿ. ವರಾಂಡದಲ್ಲಿ ಹಗ್ಗ ಕಟ್ಟಿ ಲೇಸಿನಿಂದ ನೇತು ಹಾಕಿ. ಹಗ್ಗಕ್ಕೆ ದುಡ್ಡಿಲ್ಲದ ಶಾಲೆಯವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ನಾನು ಕೊಡಿಸುತ್ತೇನೆ.