ಹತ್ತು ನಿಮಿಷ ಸುಮ್ನೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿನಲ್ಲಿ ನೀವು ಏನು ಮಾಡುತ್ತಿರುತ್ತೀರಿ ಅಂತ ನನಗೆ ಗೊತ್ತು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ್ದೀರಿ. ಈಗ ಅಡುಗೆಮನೆಗೆ ಬಂದು ರೇಡಿಯೊ ಹಾಕಿದ್ದೀರಿ. ಹೊಗೆ ಬೇಡ ಅಂತ ನಾವು ಡಾಕ್ಟರುಗಳು ಎಷ್ಟು ಸಲ ಹೇಳಿದರೂ ನೀವು ಬಿಡುವುದಿಲ್ಲ. ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಇವತ್ತು ಹೇಳುವುದು ಒಂದೇ ಮಾತು. ದಿನಕ್ಕೆ 10 ನಿಮಿಷ ನಿಮ್ಮ ಮಗುವನ್ನು ಸುಮ್ನೆ ನೋಡಿ. ಹಾಲು ಕುಡಿಸುತ್ತಾ ಅಲ್ಲ, ಬಟ್ಟೆ ಬದಲಿಸುತ್ತಾ ಅಲ್ಲ, ಫೋಟೊ ತೆಗೆಯುತ್ತಾ ಅಂತೂ ಅಲ್ಲವೇ ಅಲ್ಲ. ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತು ನೋಡಿ.

‘ಡಾಕ್ಟ್ರೇ, ಇಡೀ ದಿನ ನೋಡ್ತಾನೇ ಇರ್ತೀವಲ್ಲ’ ಅನ್ನುತ್ತೀರಿ. ಇಲ್ಲಮ್ಮ, ನೀವು ನೋಡುತ್ತಿಲ್ಲ. ನೋಡಿಕೊಳ್ಳುತ್ತಿದ್ದೀರಿ. ಎರಡೂ ಬೇರೆ ಬೇರೆ.

ನಾನೂ ನೋಡುತ್ತಿರಲಿಲ್ಲ. ಓದು ಮುಗಿಸಿ ಹೊಸದಾಗಿ ಮಕ್ಕಳ ಡಾಕ್ಟರ್ ಆಗಿದ್ದೆ. ತೂಕ, ಎತ್ತರ, ತಲೆಯ ಸುತ್ತಳತೆ ಎಲ್ಲ ಬಾಯಿಪಾಠ. ಒಂದು ದಿನ ನಮ್ಮ ಗುರುಗಳು ಕರೆದು, ‘ವಾರಕ್ಕೊಂದು ಗಂಟೆ ಒಂದು ಮನೆಗೆ ಹೋಗಿ ಕೂತುಕೊಳ್ಳಿ. ಮಗುವನ್ನು ಮುಟ್ಟಬೇಡಿ, ಬುದ್ಧಿ ಹೇಳಬೇಡಿ, ಅಲ್ಲಿ ಕೂತು ಏನೂ ಬರೆದುಕೊಳ್ಳಬೇಡಿ. ಮನೆಗೆ ಬಂದ ಮೇಲೆ ಕಂಡದ್ದನ್ನು ಬರೆಯಿರಿ’ ಎಂದರು. ಇದು ಅವರು ಹುಟ್ಟಿಸಿದ ಪದ್ಧತಿ ಅಲ್ಲ. ಎಸ್ತರ್ ಬಿಕ್ ಎಂಬಾಕೆ 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಇದನ್ನು ಶುರು ಮಾಡಿದರು. ಮಕ್ಕಳ ಮನಸ್ಸಿನ ಚಿಕಿತ್ಸೆ ಕಲಿಯಲು ಬಂದವರು ಮೊದಲು ಒಂದು ಮನೆಗೆ ಹೋಗಿ, ಅಲ್ಲಿ ಹುಟ್ಟಿದ ಮಗು ಬೆಳೆಯುವುದನ್ನು ನೋಡುತ್ತಾ ಕೂರಬೇಕು. ಅದೂ ಎರಡು ವರ್ಷ!

ನನಗೆ ಸಿಕ್ಕಿದ್ದು ಮೈಸೂರಿನ ಒಂದು ವಠಾರದ ಮನೆ. ಆ ತಾಯಿ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಮುಂದೆ ಒಂದು ಮಣೆ, ಪಕ್ಕದಲ್ಲಿ ಕಪ್ಪು ಹಿಟ್ಟಿನ ಮುದ್ದೆ, ಇನ್ನೊಂದು ಪಕ್ಕ ಹಳೇ ಸೀರೆ ಮಡಿಸಿ ಹಾಸಿ ಅದರ ಮೇಲೆ 4 ತಿಂಗಳ ಹೆಣ್ಣು ಮಗು. ‘ಸುಮ್ನೆ ನೋಡೋಕೆ ಬರ್ತೀರಾ ಡಾಕ್ಟ್ರಮ್ಮ? ಇದರಲ್ಲಿ ನೋಡೋಕೆ ಏನೈತೆ?’ ಅಂತ ಅವಳು ನಕ್ಕಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಮೊದಲ ಎರಡು ವಾರ ಗಡಿಯಾರ ನೋಡಿದ್ದೇ ಜಾಸ್ತಿ.

ಮೂರನೇ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಮಗು ‘ಊಂ’ ಅನ್ನುತ್ತಿತ್ತು. ತಾಯಿ ಕಡ್ಡಿ ಹೊಸೆಯುತ್ತಲೇ, ‘ಊಂ? ಹಂಗಾ? ಆಮೇಲೆ?’ ಅನ್ನುತ್ತಿದ್ದಳು. ಮಗು ಒಂದು ಗಳಿಗೆ ಸುಮ್ಮನಿದ್ದು ಮತ್ತೆ ‘ಊಂ’. ಇದರಲ್ಲೇನು ವಿಶೇಷ, ಎಲ್ಲ ಮನೆಯಲ್ಲೂ ಇದ್ದದ್ದೇ ಅಲ್ವಾ? ಕೇಳಿ. ಆ ಮಗು ಯಾವಾಗೆಂದರೆ ಆವಾಗ ಕೂಗುತ್ತಿರಲಿಲ್ಲ. ತಾಯಿ ಕಡ್ಡಿ ಹೊಸೆಯುವಾಗ ಅವಳ ಕಣ್ಣು ಮಣೆಯ ಮೇಲೆ. ಹೊಸೆದ ಕಡ್ಡಿಯನ್ನು ಪಕ್ಕಕ್ಕೆ ಇಡುವಾಗ ಮಾತ್ರ ಕತ್ತು ಮಗುವಿನ ಕಡೆ ತಿರುಗುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಮಗುವಿನ ‘ಊಂ’. ನಾಲ್ಕು ತಿಂಗಳ ಮಗು ತಾಯಿಯ ಕೆಲಸದ ಲಯ ಕಲಿತುಬಿಟ್ಟಿತ್ತು! ಅದನ್ನು ತಾಯಿಗೆ ಹೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳುವ ಹಾಗಿರಲಿಲ್ಲ.

ಇನ್ನೊಂದು ವಾರ ಹೋದಾಗ ಮನೆಯ ಗಾಳಿಯೇ ಬೇರೆ. ಬೆಳಿಗ್ಗೆ ಕಡ್ಡಿ ತೆಗೆದುಕೊಂಡು ಹೋಗಲು ಬಂದವನು ಕಡ್ಡಿ ಸರಿಯಿಲ್ಲ ಎಂದು ಅರ್ಧ ಕಟ್ಟು ವಾಪಸ್ ಬಿಸಾಕಿ ಹೋಗಿದ್ದನಂತೆ. ತಾಯಿ ತಲೆ ತಗ್ಗಿಸಿ ಹೊಸೆಯುತ್ತಿದ್ದಳು. ಮಗು ‘ಊಂ’ ಎಂದಿತು. ಉತ್ತರ ಇಲ್ಲ. ನಕ್ಕಿತು. ಇಲ್ಲ. ಕಾಲು ಬಡಿಯಿತು, ಮೈ ಬಿಲ್ಲಿನ ಹಾಗೆ ಬಗ್ಗಿಸಿ ಒಂದು ಸಲ ಕಿರುಚಿತು. ಅದಕ್ಕೂ ಇಲ್ಲ. ಆಮೇಲೆ ಮಗು ಮುಖ ತಿರುಗಿಸಿ, ಗೋಡೆ ನೋಡುತ್ತಾ ತನ್ನ ಮುಷ್ಟಿ ಚೀಪಲು ಶುರು ಮಾಡಿತು. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಾಯಿ ಕೈ ಒರೆಸಿಕೊಂಡು, ‘ಏನವ್ವಾ, ನನ್ ಮೇಲೆ ಕೋಪಾನಾ?’ ಎಂದು ಬಗ್ಗಿದಳು. ಮಗು ತಕ್ಷಣ ನಗಲಿಲ್ಲ. ಓರೆಗಣ್ಣಲ್ಲಿ ಒಮ್ಮೆ ನೋಡಿ ಮತ್ತೆ ಗೋಡೆ ಕಡೆ ತಿರುಗಿತು. ಇನ್ನೊಮ್ಮೆ ನೋಡಿತು. ಅವಳು ಕಾದಳು. ಆಮೇಲೆ ಮೆಲ್ಲಗೆ ‘ಊಂ’ ಬಂತು. ತಾಯಿ ನಕ್ಕಳು. ಅವಳ ಕೆನ್ನೆಯ ಕಪ್ಪು ಹಿಟ್ಟು ಮಗುವಿನ ಮೂಗಿಗೂ ಅಂಟಿತು.

ನಾನು ಆ ಮನೆಯಲ್ಲಿ ಕಂಡದ್ದನ್ನೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ತಾಯಿ ಮಗುವಿನ ಜೊತೆ ಆಡುತ್ತಾ ಆಡುತ್ತಾ, ಇದ್ದಕ್ಕಿದ್ದಂತೆ ಕೆಲವು ನಿಮಿಷ ಮುಖವನ್ನು ಕಲ್ಲಿನ ಹಾಗೆ ಮಾಡಿ ಕೂರಬೇಕು, ಅಷ್ಟೆ. ಮಕ್ಕಳು ಮಾಡಿದ್ದೂ ಇದೇ: ನಕ್ಕು ಕರೆಯುವುದು, ಕೈ ಚಾಚುವುದು, ಕೊನೆಗೆ ಮುಖ ತಿರುಗಿಸುವುದು. ಅವರೇ ಕಂಡುಕೊಂಡ ಇನ್ನೊಂದು ವಿಷಯ ಹೇಳುತ್ತೇನೆ, ಅದು ನಿಮ್ಮ ಸಮಾಧಾನಕ್ಕೆ. ಚೆನ್ನಾಗಿ ಹೊಂದಿಕೊಂಡ ತಾಯಿ ಮಕ್ಕಳಲ್ಲೂ ಇಬ್ಬರ ತಾಳ ಕೂಡುವುದು ಹತ್ತರಲ್ಲಿ ಸುಮಾರು ಮೂರು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಸರಿಮಾಡಿಕೊಳ್ಳುವುದು. ಆ ಸರಿಮಾಡಿಕೊಳ್ಳುವುದರಲ್ಲೇ ನಂಟು ಬೆಳೆಯುತ್ತದೆ. ಆದರೆ ತಾಳ ತಪ್ಪಿದ್ದು ನಿಮಗೆ ಗೊತ್ತಾಗಬೇಕಾದರೆ ನೋಡಬೇಕಲ್ಲ?

ಈಗ ಕಡ್ಡಿ ಹೊಸೆಯುವ ಮಣೆಯ ಜಾಗದಲ್ಲಿ ಮೊಬೈಲ್ ಇದೆ. ಒಂದೇ ವ್ಯತ್ಯಾಸ, ಕಡ್ಡಿ ಹೊಸೆದು ಮುಗಿಯುತ್ತಿತ್ತು. ಮೊಬೈಲ್ ಮುಗಿಯುವುದಿಲ್ಲ. ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು ಒಂದು ಗೇಣು, ಅಬ್ಬಬ್ಬಾ ಅಂದರೆ ಇನ್ನೂ ನಾಲ್ಕು ಬೆರಳು ದೂರ. ಎದೆಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ದೂರವೂ ಅಷ್ಟೇ. ಮಧ್ಯದಲ್ಲಿ ಫೋನ್ ಇಟ್ಟರೆ ಮಗುವಿಗೆ ಕಾಣುವುದು ಅದರ ಬೆನ್ನು. ಅಪ್ಪಂದಿರೇ, ನಗಬೇಡಿ, ನಿಮಗೂ ಹೇಳುತ್ತಿದ್ದೇನೆ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಇದೆ ಅಂತ. ಬೆಳವಣಿಗೆಯ ಹಂತಗಳನ್ನೆಲ್ಲ ಹೇಳಬೇಕೆಂದು ಚೀಟಿ ಬರೆದು ತಂದಿದ್ದೆ. ಓಡಿಸುತ್ತೇನೆ, ಗಮನ ಇಡಿ. 2 ತಿಂಗಳ ಹೊತ್ತಿಗೆ ನಿಮ್ಮ ಮುಖ ನೋಡಿ ನಗಬೇಕು. ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಬೇಕಾದ್ದನ್ನು ಬೆರಳಿಟ್ಟು ತೋರಿಸಬೇಕು. 16 ತಿಂಗಳಾದರೂ ಒಂದು ಮಾತೂ ಇಲ್ಲದಿದ್ದರೆ, 2 ವರ್ಷವಾದರೂ ‘ಅಮ್ಮ ಬಾ’ ಅಂತ ಎರಡು ಮಾತು ಸೇರಿಸದಿದ್ದರೆ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕೂರಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಕಿವಿ, ಮಾತಿನ ತೊಂದರೆಗೆಂದೇ 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ನಡೆಯುವುದರ ಬಗ್ಗೆ ಮಾತ್ರ ದಯವಿಟ್ಟು ಪಕ್ಕದ ಮನೆ ಮಗುವನ್ನು ನನ್ನ ಮುಂದೆ ತರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿ 5 ದೇಶಗಳಲ್ಲಿ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದ್ದಾರೆ. ಕೆಲವು ಮಕ್ಕಳು 8 ತಿಂಗಳು ದಾಟುತ್ತಲೇ ನಡೆಯುತ್ತವೆ, ಕೆಲವು 17 ತಿಂಗಳು ಕಳೆದ ಮೇಲೆ. ಎರಡೂ ಸರಿ. ವಾಕರ್ ತರಬೇಡಿ. ಯಾಕೆ ಅಂತ ಹೇಳಲು ಹೊತ್ತಿಲ್ಲ, ತರಬೇಡಿ ಅಷ್ಟೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟರು. ಅವರಿದ್ದಿದ್ದರೆ ಈ ವಿಷಯಕ್ಕೆ ಇನ್ನೊಂದು ಐದು ನಿಮಿಷ ಕೊಡುತ್ತಿದ್ದರೋ ಏನೋ!

ನಾಳೆ ನೀರು ಹಾಕಿದ ಮೇಲೆ ಫೋನ್ ಹೊರಗಿಟ್ಟು ಬನ್ನಿ. ಮಗುವನ್ನು ಚಾಪೆ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತುಕೊಳ್ಳಿ. ಗಡಿಯಾರ ನೋಡಿಕೊಂಡು 10 ನಿಮಿಷ. ಅದು ಏನನ್ನು ನೋಡುತ್ತದೆ, ಯಾವಾಗ ನಿಮ್ಮನ್ನು ಕರೆಯುತ್ತದೆ, ಸಾಕಾದಾಗ ಹೇಗೆ ಮುಖ ತಿರುಗಿಸುತ್ತದೆ, ನೋಡಿ. ಪತ್ರ ಬರೆಯುವವರು ಕೇಂದ್ರದ ವಿಳಾಸಕ್ಕೇ ಬರೆಯಬಹುದು. ಯಾವ ಟಾನಿಕ್ ಕೊಡಬೇಕು ಅಂತ ಕೇಳಬೇಡಿ. ಏನು ಕಂಡಿತು ಅಂತ ಬರೆಯಿರಿ. ಒಂದೊಂದನ್ನೂ ಓದುತ್ತೇನೆ. ನಮಸ್ಕಾರ.