ರಾಜನ್ನ ಅವನ ಕಡೆಯೋರೇ ಕಟ್ಟಾಕೋ ಮೇಟ್

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದಿದೀರ, ಮಕ್ಕಳಂತೂ ಅಪ್ಪ ಅಮ್ಮನ್ನ ಎಳ್ಕೊಂಡೇ ಬಂದಂಗೆ ಕಾಣ್ತಿದೆ, ಅದ್ಕೆ ಪೀಠಿಕೆ ಎಲ್ಲ ಬೇಡ, ಸೀದಾ ಚದುರಂಗದ ಬೋರ್ಡ್‌ಗೇ ಹೋಗೋಣ. ಹಿಂದೆ ಕೂತೋರಿಗೆ ಕಾಣ್ದಿದ್ರೆ ನಾನೇ ಓದ್ತೀನಿ, ಬರ್ಕೊಳಿ. ಹೊಸಬರಿಗೆ ಹೇಳ್ಬಿಡ್ತೀನಿ, ಬಿಳಿ ಕಡೆ ಕೂತು ನೋಡಿದ್ರೆ ಎಡದಿಂದ ಬಲಕ್ಕೆ ಎ ಇಂದ ಎಚ್, ಕೆಳಗಿಂದ ಮೇಲಕ್ಕೆ 1ರಿಂದ 8, ಎರಡೂ ಸೇರಿದ್ರೆ ಒಂದು ಮನೆ ಹೆಸ್ರು.

ಬಿಳಿ ಕಡೆ: ರಾಜ ಜಿ1, ರಾಣಿ ಎ4, ಕುದುರೆ ಜಿ5, ಪಾನ್‌ಗಳು, ಅಂದ್ರೆ ಕಾಲಾಳುಗಳು, ಎಫ್2, ಜಿ2, ಎಚ್2. ಕಪ್ಪು ಕಡೆ: ರಾಜ ಜಿ8, ರಾಣಿ ಬಿ2, ಆನೆ ಎ8, ಪಾನ್‌ಗಳು ಎ7, ಜಿ7, ಎಚ್7. ನಡೆ ಬಿಳಿದು. ಐದು ನಡೆಲಿ ಮೇಟ್, ಅಂದ್ರೆ ರಾಜನ ಮೇಲೆ ದಾಳಿ, ತಪ್ಪಿಸ್ಕೊಳಕ್ಕೆ ದಾರಿನೇ ಇಲ್ಲ, ಆಟ ಮುಗೀತು.

ಮೊದ್ಲು ಒಂದು ವಿಷ್ಯ ನೋಡ್ಕೊಳಿ, ಕಪ್ಪು ಸುಮ್ನೆ ಕೂತಿಲ್ಲ. ಅವನ ರಾಣಿ ಬಿ1ಕ್ಕೆ ಇಳಿದ್ರೆ ಚೆಕ್, ಅಂದ್ರೆ ನಮ್ ರಾಜನ ಮೇಲೆ ನೇರ ದಾಳಿ, ನಾವು ನಮ್ ರಾಣಿನ ಡಿ1ಕ್ಕೆ ತಂದು ಅಡ್ಡ ಇಡ್ಬೇಕು, ಅವ್ನು ಅದನ್ನ ಹೊಡೀತಾನೆ, ಮುಗೀತು, ನಮ್ ರಾಜ ನಮ್ಮದೇ ಮೂರು ಪಾನ್ ಹಿಂದೆ ಸತ್ತ. ಅಂದ್ರೆ ನಮ್ಗೆ ಒಂದು ನಡೆ ಕೂಡ ಪುರುಸೊತ್ತಿಲ್ಲ. ಹಂಗಾಗಿ ಪ್ರತಿ ನಡೆನೂ ಚೆಕ್ಕೇ ಆಗ್ಬೇಕು, ಅಥ್ವಾ ಅದಕ್ಕಿಂತ ಜೋರಾಗಿರೋ ಏನಾದ್ರೂ ಆಗ್ಬೇಕು, ಚದುರಂಗದಲ್ಲಿ ಚೆಕ್‌ಗಿಂತ ಜೋರು ಅಂದ್ರೆ ಮೇಟ್ ಒಂದೇ.

ಇಲ್ಲಿ ಹೆಚ್ಚಿನೋರ ಕೈ ಎಲ್ಲಿಗೆ ಹೋಗುತ್ತೆ ಗೊತ್ತಾ, ರಾಣಿ ಎಚ್4. ಎಚ್7ರ ಮೇಲೆ ಕುದುರೆ ಕಣ್ಣು ಆಗ್ಲೇ ಇದೆ, ರಾಣಿನೂ ಸೇರಿದ್ರೆ ಭಯಂಕರವಾಗಿ ಕಾಣುತ್ತೆ. ಆದ್ರೆ ಅದು ಚೆಕ್ ಅಲ್ಲ. ಕಪ್ಪು ರಾಣಿ ಬಿ1, ನೇರ ಮೇಟ್, ಅಡ್ಡ ಇಡಕ್ಕೂ ಏನೂ ಸಿಗಲ್ಲ. ಇನ್ನೂ ಸ್ವಲ್ಪ ಬುದ್ಧಿವಂತರು ರಾಣಿ ಇ4 ಅಂತಾರೆ, ಒಂದೇ ಏಟಿಗೆ ಎಚ್7ಕ್ಕೂ ಗುರಿ, ಮೂಲೆ ಆನೆಗೂ ಗುರಿ, ಮೇಲಾಗಿ ಬಿ1 ಮನೆನೂ ಕಾಯುತ್ತೆ. ಚೆನ್ನಾಗಿದೆ ಅಲ್ವಾ? ಅವ್ನು ಬಿ1 ಬಿಟ್ಟು ಸಿ1ಕ್ಕೆ ಹೋಗ್ತಾನೆ. ನಾವು ಇ1ಕ್ಕೆ ರಾಣಿ ತಂದು ಅಡ್ಡ ಇಡ್ಬೇಕು, ಹೊಡೀತಾನೆ, ಮತ್ತೆ ಅದೇ ಕಥೆ. ಚೆಂದ ಕಾಣೋ ನಡೆ ಮುಂದೆ ಎದುರಿನೋನ ಚೆಕ್ ಲೆಕ್ಕ ಹಾಕ್ದೇ ಬಿಡೋದು, ನನ್ ಪ್ರಕಾರ ಪಜಲ್ ಬಿಡಿಸೋರ ಅತಿ ದೊಡ್ಡ ಚಟ ಇದು.

ಸರಿ, ಹಾಗಾದ್ರೆ ಚೆಕ್‌ಗಳನ್ನ ಮಾತ್ರ ಎಣಿಸಿ. ಇ8ಕ್ಕೆ ರಾಣಿ, ಚೆಕ್, ಆನೆ ಹೊಡ್ಕೊಳುತ್ತೆ. ಬಿ3ಕ್ಕೋ ಎ2ಕ್ಕೋ ಬಂದ್ರೂ ಚೆಕ್, ಆದ್ರೆ ಕಪ್ಪು ರಾಣಿ ಪಕ್ಕದಲ್ಲೇ ಇದೆ, ಹೊಡೆಯುತ್ತೆ. ಕುದುರೆ ಕಡೆಯಿಂದ ಮೊದಲ ನಡೆಲಿ ಚೆಕ್ಕೇ ಇಲ್ಲ. ಉಳಿದಿದ್ದು ಸಿ4. ಅಷ್ಟೇ, ಒಂದನೇ ನಡೆ ಸಿಕ್ತು! ಏನೋ ಹೊಳೀಬೇಕು ಅಂತ ಆಕಾಶ ನೋಡ್ಕೊಂಡು ಕೂರ್ಬೇಕಾಗಿಲ್ಲ.

ರಾಣಿ ಸಿ4, ಚೆಕ್. ಈಗ ಅವನ ಉತ್ರ ಎಣಿಸಿ. ಅಡ್ಡ ಇಡಕ್ಕೆ ಆನೆಗೂ ಆಗಲ್ಲ ರಾಣಿಗೂ ಆಗಲ್ಲ. ರಾಜ ಎಫ್8ಕ್ಕೆ ಹೋದ್ರೆ ರಾಣಿ ಎಫ್7, ಹಿಂದೆ ಕುದುರೆ ಕಾಯ್ತಿದೆ, ಮೇಟ್. ಸೋ ಎಚ್8 ಒಂದೇ.

ಈಗ ಮೂಲೆಲಿ ರಾಜ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಪಜಲ್‌ನ ಜೀವ ಇಲ್ಲೇ ಇರೋದು. ಇಲ್ಲಿಂದ ಮುಂದಕ್ಕೆ ಯೋಚ್ನೆ ಮಾಡೋ ಬದ್ಲು ಕೊನೆ ಚಿತ್ರ ಹೆಂಗಿರುತ್ತೆ ಅಂತ ಕೇಳ್ಕೊಳಿ. ಎಚ್8ರಲ್ಲಿರೋ ರಾಜಂಗೆ ಕುದುರೆ ಚೆಕ್ ಕೊಡೋಕೆ ಇಡೀ ಬೋರ್ಡಲ್ಲಿ ಎರಡೇ ಮನೆ, ಎಫ್7 ಮತ್ತೆ ಜಿ6. ಜಿ6ಕ್ಕೆ ಹೋದ್ರೆ ಎಚ್7ರ ಪಾನ್ ಹೊಡ್ದಾಕುತ್ತೆ. ಹಂಗಾದ್ರೆ ಎಫ್7. ರಾಜನ ಅಕ್ಕಪಕ್ಕ ಜಿ7, ಎಚ್7 ಅವನದೇ ಪಾನ್ ಮುಚ್ಕೊಂಡಿವೆ. ತೆರೆದಿರೋದು ಜಿ8 ಒಂದೇ. ಆ ಜಿ8ನ್ನೂ ಅವನ ಕೈಯಿಂದಾನೇ ಮುಚ್ಚಿಸಿದ್ರೆ? ದಸರಾ ಟೈಮಲ್ಲಿ ದೇವರಾಜ ಮಾರ್ಕೆಟ್ ಒಳಗೆ ಸಿಕ್ಕಾಕೊಂಡಂಗೆ, ಸುತ್ತ ಇರೋರು ಯಾರೂ ಶತ್ರುಗಳಲ್ಲ, ಆದ್ರೂ ಒಂದು ಹೆಜ್ಜೆ ಜರುಗಕ್ಕಾಗಲ್ಲ.

ಮುಚ್ಚೋಕೆ ಯಾರ್ ಬರ್ಬೇಕು, ಆನೆ. ಅದನ್ನ ಕರೆಯೋದ್ ಹೆಂಗೆ, ಜಿ8ಕ್ಕೆ ರಾಣಿನೇ ಎಸೆದು. ಇದು ಗೊತ್ತಾದ ತಕ್ಷಣ ಎರಡನೇ ನಡೆಗೇ ರಾಣಿ ಜಿ8 ಅಂತ ಕೂಗ್ತಾರೆ. ತಡೀರಿ. ರಾಜನೇ ಹೊಡ್ಕೊಂಡ್ರೆ? ನಮ್ ರಾಣಿ ಹಿಂದೆ ಯಾರೂ ಇಲ್ಲ. ಆನೆನೇ ಹೊಡೀಬೇಕು, ರಾಜ ಹೊಡೀಬಾರ್ದು, ಅಂದ್ರೆ ಜಿ8ಕ್ಕೆ ಮೊದ್ಲೇ ಒಂದು ಕಾವಲು ಬೇಕು, ಆ ಕಾವಲು ಕುದುರೆ ಎಚ್6ರಲ್ಲಿ ನಿಂತ್ರೆ ಸಿಗುತ್ತೆ. ಐದು ನಡೆ ಯಾಕೆ ಬೇಕು ಅನ್ನೋದಕ್ಕೆ ಉತ್ರ ಇದೇ.

ಈಗ ಓಡಿಸ್ಬಿಡೋಣ. ಎರಡು: ಕುದುರೆ ಎಫ್7, ಚೆಕ್, ರಾಜ ಜಿ8ಕ್ಕೆ ವಾಪಸ್, ಬೇರೆ ದಾರಿ ಇಲ್ಲ. ಮೂರು: ಕುದುರೆ ಎಚ್6. ಕುದುರೆ ಚೆಕ್ಕೂ ಬಂತು, ಅದು ಜರುಗಿದ್ದಕ್ಕೆ ಹಿಂದಿಂದ ರಾಣಿ ಚೆಕ್ಕೂ ಬಂತು. ಜಿ7ರ ಪಾನ್ ಕುದುರೆನ ಹೊಡೀಬೋದಲ್ವಾ ಸಾರ್ ಅಂತ ಯಾರೋ ಕೇಳಿದ್ರಿ, ಒಳ್ಳೆ ಪ್ರಶ್ನೆ, ಹೊಡೆದ್ರೂ ರಾಣಿ ಚೆಕ್ ಹಂಗೇ ಇರುತ್ತೆ. ಡಬಲ್ ಚೆಕ್‌ಗೆ ರಾಜ ಓಡ್ಲೇಬೇಕು, ಇನ್ನೇನೂ ನಡೆಯಲ್ಲ. ಎಫ್8ಕ್ಕೆ ಓಡಿದ್ರೆ ಮತ್ತೆ ಎಫ್7ರಲ್ಲಿ ರಾಣಿ ಮೇಟ್, ಈ ಸಲ ಎಚ್6ರ ಕುದುರೆ ಕಾಯುತ್ತೆ. ಸೋ ಎಚ್8. ನಾಕು: ರಾಣಿ ಜಿ8! ರಾಜ ಮುಟ್ಟಂಗಿಲ್ಲ, ಆನೆ ಹೊಡೀಲೇಬೇಕು. ಐದು: ಕುದುರೆ ಎಫ್7. ರಾಣಿ ಹೋಯ್ತು, ಕಪ್ಪು ಹತ್ರ ರಾಣಿ ಆನೆ ಎರಡೂ ಇವೆ, ಮೇಟ್ ಮಾಡಿದ್ದು ಒಂಟಿ ಕುದುರೆ.

ಒಂದು ತಮಾಷೆ ನೋಡಿ, ಕಪ್ಪಿಗೆ ಆ ಆನೆ ಇಲ್ದೇನೇ ಇದ್ದಿದ್ರೆ ನಾಕನೇ ನಡೆಲಿ ರಾಣಿ ಜಿ8ಗೆ ಬಂದ್ರೇ ಮೇಟ್, ತ್ಯಾಗನೇ ಬೇಕಿರ್ಲಿಲ್ಲ.

ಇದು ಹೊಸ್ದಲ್ಲ. 1497ರಲ್ಲಿ ಸ್ಪೇನ್‌ನಲ್ಲಿ ಲುಸೇನಾ ಅನ್ನೋರು ಬರೆದ ಪುಸ್ತಕದಲ್ಲೇ ಈ ಮೇಟ್ ಇದೆ, ಆದ್ರೆ ಹೆಸ್ರು ಮಾತ್ರ ಫಿಲಿಡೋರ್ ಲೆಗಸಿ ಅಂತ, 1726ರಲ್ಲಿ ಹುಟ್ಟಿದ ಫ್ರಾನ್ಸ್‌ನ ಸಂಗೀತಗಾರರು ಅವ್ರು. ಇನ್ನು ಕುದುರೆ ವಿಷ್ಯಕ್ಕೆ ಬಂದ್ರೆ ನಮ್ ಊರಿನೋರು ಯಾರ್ಗೂ ಕಮ್ಮಿ ಇಲ್ಲ ಬಿಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂಟಿ ಕುದುರೆನ 64 ಮನೆಗೂ ಒಂದೊಂದೇ ಸಲ ಮುಟ್ಟಿಸಿ, ಆ ನಡೆಗಳಿಗೆ ನಂಬರ್ ಹಾಕಿದ್ರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗ 260 ಬರೋ ಹಂಗೆ ದಾರಿ ಕಟ್ಟಿದ್ರು. ಕಂಪ್ಯೂಟರ್ ಇಲ್ದೇ ಇರೋ ಕಾಲದಲ್ಲಿ, ಯೋಚ್ನೆ ಮಾಡಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಅವ್ರೂ ಮೈಸೂರಿನೋರೇ, 2017ರಲ್ಲಿ ಆಗಿದ್ದು.

ಪೋಷಕರಿಗೆ ಒಂದ್ ಮಾತು. ಮೊಬೈಲ್‌ನಲ್ಲಿ ಮಕ್ಕಳು ದಿನಕ್ಕೆ ನೂರು ಪಜಲ್ ಒತ್ತಾರೆ, ಒತ್ತಿ ನೋಡೋದು, ತಪ್ಪಾದ್ರೆ ಇನ್ನೊಂದು ಒತ್ತೋದು, ಅದ್ರಲ್ಲಿ ಬೆರಳಿಗೆ ವ್ಯಾಯಾಮ ಆಗುತ್ತೆ ಅಷ್ಟೇ. ಮೂರೇ ಕೊಡಿ, ಆದ್ರೆ ಕಾಯಿ ಮುಟ್ಟೋ ಮುಂಚೆ ಎದುರಿನೋನ ಎಲ್ಲಾ ಉತ್ರ ಬಾಯಲ್ಲಿ ಹೇಳಿಸಿ. ಪಜಲ್‌ನಲ್ಲಿ ಮೇಲ್ಗಡೆ ‘ಐದು ನಡೆಲಿ ಮೇಟ್’ ಅಂತ ಬರ್ದಿರುತ್ತೆ, ಟೂರ್ನಮೆಂಟಲ್ಲಿ ಯಾರೂ ಬಂದು ಕಿವಿಲಿ ಹೇಳಲ್ಲ, ಅಲ್ಲಿ ಈ ಎಣಿಸೋ ಅಭ್ಯಾಸನೇ ಕೈ ಹಿಡಿಯೋದು.

ಮನೆಗೆ ಒಂದು ಲೆಕ್ಕ ಕೊಡ್ತೀನಿ. ಇದೇ ಬೋರ್ಡಲ್ಲಿ ಕಪ್ಪಿನ ಎಚ್7ರ ಪಾನ್‌ನ ಎಚ್6ಕ್ಕೆ ಇಡಿ, ಬಾಕಿ ಎಲ್ಲ ಹಂಗೇ ಇರ್ಲಿ, ನಡೆ ಬಿಳಿದೇ. ರಾಣಿ ಸಿ4, ರಾಜ ಎಚ್8, ಕುದುರೆ ಎಫ್7, ಇಲ್ಲಿವರೆಗೂ ಓಡ್ಸಿ ನಿಲ್ಸಿ. ಈಗ ರಾಜ ಎಲ್ಲಿಗೆ ಹೋಗ್ತಾನೆ, ನಮ್ ಡಬಲ್ ಚೆಕ್ ಗತಿ ಏನು, ಅದಾದ್ಮೇಲೆ ಬಿಳಿ ಏನ್ ಮಾಡ್ಬೇಕು, ಮೂರನ್ನೂ ಬರ್ಕೊಂಡು ಬನ್ನಿ. ಮುಂದಿನ ವಾರ ನಾನ್ ಹೇಳಲ್ಲ, ನೀವೇ ಬೋರ್ಡ್ ಹತ್ರ ಬಂದು ಹೇಳ್ಬೇಕು. ಈಗ ಪ್ರಶ್ನೆಗಳಿದ್ರೆ ಕೇಳಿ, ಮೊದ್ಲು ಚಿಕ್ಕ ಮಕ್ಕಳು.