ಓಲೆಗರಿಯಿಂದ ಅಚ್ಚಿಗೆ: ಮೈಸೂರಿನ ಅರ್ಥಶಾಸ್ತ್ರ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಸರ್ಕಾರಿ ಪ್ರಾಚ್ಯ ಪುಸ್ತಕಾಲಯವಾಗಿ ಆರಂಭವಾಯಿತು. ಅಲ್ಲಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಪ್ಪಿಸಿದ ಒಂದು ಓಲೆಗರಿಯ ಕಟ್ಟಿನ ಕುರಿತು ಇಂದು ಮಾತನಾಡಬಯಸುತ್ತೇನೆ.

ರಾಜ್ಯಾಡಳಿತವನ್ನು ಕುರಿತ ಸಂಸ್ಕೃತ ಗ್ರಂಥವಾದ ಕೌಟಿಲ್ಯನ ಅರ್ಥಶಾಸ್ತ್ರವು ಇತ್ತೆಂಬುದು ವಿದ್ವಾಂಸರಿಗೆ ಗೊತ್ತಿತ್ತು. ಸಂಸ್ಕೃತ ಕವಿ ದಂಡಿಯು ತನ್ನ ದಶಕುಮಾರಚರಿತದಲ್ಲಿ ಅದರ ಗಾತ್ರ ಆರು ಸಾವಿರ ಶ್ಲೋಕಗಳಷ್ಟೆಂದೂ ಹೇಳಿದ್ದನು. ಆದರೆ ಗ್ರಂಥವೇ ಕಣ್ಮರೆಯಾಗಿತ್ತು. ಪುಸ್ತಕಾಲಯದಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯ ಆ ಗರಿಗಳನ್ನು ಓದಿ ಗುರುತಿಸಿ, 1905ರಿಂದ ಅನುವಾದದ ಭಾಗಗಳನ್ನು ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಇದನ್ನು ಆಕಸ್ಮಿಕ ಶೋಧವೆಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಕಟ್ಟು ಕೈಗೆ ಬಂದ ಮಾತ್ರಕ್ಕೆ ಗ್ರಂಥ ದೊರೆತಂತಾಗದು. ಕಂಟವೆಂಬ ಲೋಹದ ಮೊನೆಯಿಂದ ಕೊರೆದು ಮಸಿ ತೀಡಿದ, ಪದಗಳ ನಡುವೆ ಬಿಡುವಿಲ್ಲದ ಸಾಲುಗಳನ್ನು ಬಿಡಿಸಿ ಓದಬಲ್ಲವರು ಅದರ ಮುಂದೆ ಕುಳಿತಿರಬೇಕು.

ಆ ಓದಿನಿಂದ ಹೊರಬಂದದ್ದು ಹದಿನೈದು ಅಧಿಕರಣಗಳ, ಅಂದರೆ ಭಾಗಗಳ, ಗ್ರಂಥ. ಅದರ ಐದನೆಯ ಅಧಿಕರಣದಲ್ಲಿ ಸಂಬಳದ ಪಟ್ಟಿಯೊಂದಿದೆ: ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜರಿಗೆ 48,000 ಪಣಗಳು (ಪಣವೆಂದರೆ ಆ ಕಾಲದ ನಾಣ್ಯ), ಪ್ರಾಣಿಗಳನ್ನು ನೋಡಿಕೊಳ್ಳುವ ಕೆಳಹಂತದ ಪರಿಚಾರಕರಿಗೆ 60 ಪಣಗಳು. ಪ್ರಾಚೀನ ಭಾರತೀಯರಿಗೆ ಪರಲೋಕದ ಚಿಂತೆಯಲ್ಲದೆ ಲೌಕಿಕ ಆಡಳಿತದ ವಿಚಾರವೇ ಇರಲಿಲ್ಲವೆಂದು ವಾದಿಸುತ್ತಿದ್ದವರಿಗೆ, ಈ ಪಟ್ಟಿಯೊಂದೇ ಸಾಕಷ್ಟು ಉತ್ತರವಾಗಿತ್ತು.

ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಶ್ಲೋಕವೊಂದುಂಟು. ಬೆನ್ನು, ಸೊಂಟ, ಕೊರಳು ಮುರಿದು, ದೃಷ್ಟಿ ನೆಟ್ಟು, ತಲೆ ತಗ್ಗಿಸಿ ಕಷ್ಟದಿಂದ ಬರೆದ ಈ ಗ್ರಂಥವನ್ನು ಪ್ರಯತ್ನಪೂರ್ವಕವಾಗಿ ಕಾಪಾಡಿರಿ ಎಂಬುದು ಅದರ ತಾತ್ಪರ್ಯ. ಗರಿ ಒಣಗಿ ಸಿಡಿಯದಂತೆ, ಹುಳು ಹಿಡಿಯದಂತೆ ಎಣ್ಣೆ ಸವರುವ ಸಿಬ್ಬಂದಿಯ ಕೆಲಸವು ಈ ಬೇಡಿಕೆಗೆ ಸಲ್ಲುವ ನಿಜವಾದ ಮರ್ಯಾದೆ.

ಮುಂದೆ ಬೇರೆಡೆಯ ಪ್ರತಿಗಳೂ ಬೆಳಕಿಗೆ ಬಂದು, ಅವುಗಳನ್ನು ಹೋಲಿಸಿ ಆರ್. ಪಿ. ಕಾಂಗ್ಲೆಯವರು ಮುಂಬಯಿ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪರಿಷ್ಕೃತ ಪಾಠವನ್ನು ಪ್ರಕಟಿಸಿದರು. ಶಾಮಶಾಸ್ತ್ರಿಗಳ ಪಾಠದಲ್ಲಿ ತಿದ್ದಬೇಕಾದ ಸ್ಥಳಗಳು ಇದ್ದವು. ಆದರೆ ಆ ಚರ್ಚೆ ಸಾಧ್ಯವಾದದ್ದೇ ಅವರ ಓದಿನಿಂದ.

ಓಲೆಗರಿಗಳ ಚಿತ್ರ ತೆಗೆದು ಗಣಕಕ್ಕೆ ಏರಿಸುವ ಕಾರ್ಯ ಈಗ ನಡೆಯುತ್ತಿದೆ, ಅದು ಅತ್ಯಗತ್ಯವೂ ಹೌದು. ಆದರೆ ಚಿತ್ರ ತನ್ನನ್ನು ತಾನೇ ಓದಿಕೊಳ್ಳುವುದಿಲ್ಲ. ಗ್ರಂಥ, ತಿಗಳಾರಿ, ನಂದಿನಾಗರಿ ಎಂಬ ಹಳೆಯ ಲಿಪಿಗಳ ಕಲಿಕೆಯನ್ನು ನಮ್ಮ ಕನ್ನಡ, ಸಂಸ್ಕೃತ ಮತ್ತು ಇತಿಹಾಸ ವಿಭಾಗಗಳ ಸ್ನಾತಕೋತ್ತರ ತರಗತಿಗಳಲ್ಲಿ ಐಚ್ಛಿಕವಾಗಿ ಬಿಡದೆ ಕಡ್ಡಾಯ ಮಾಡಬೇಕೆಂದು ಈ ಸಭೆಯ ಮುಂದೆ ಕೋರುತ್ತೇನೆ.